‘ಉಪಯುಕ್ತ ಆಯುಷ್ಯ’ ಇರುವವರೆಗೆ: ವರ್ಜೀನಿಯಾದ ಮತಯಂತ್ರ ಕಾನೂನು ಮತ್ತು ವಿನ್‌ವೋಟ್ ಪ್ರಕರಣ

2015ರ ಏಪ್ರಿಲ್ 14ರಂದು ಅಮೆರಿಕದ ವರ್ಜೀನಿಯಾ ರಾಜ್ಯದ ಚುನಾವಣಾ ಮಂಡಳಿಯು ವಿನ್‌ವೋಟ್ ಎಂಬ ಟಚ್‌ಸ್ಕ್ರೀನ್ ಮತಯಂತ್ರಕ್ಕೆ ಕೊಟ್ಟಿದ್ದ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಪಕ್ಷಗಳು ತಮ್ಮ ಅಭ್ಯರ್ಥಿಗಳನ್ನು ಆರಿಸುವ ಪ್ರಾಥಮಿಕ ಚುನಾವಣೆ ಜೂನ್ 9ಕ್ಕೆ ನಿಗದಿಯಾಗಿತ್ತು. ಉಳಿದಿದ್ದದ್ದು ಸರಿಯಾಗಿ ಎಂಟು ವಾರ. ಸುಮಾರು ಮೂವತ್ತು ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಮತ್ತು ನಗರಗಳು ಆ ದಿನದವರೆಗೂ ಅದೇ ಯಂತ್ರವನ್ನು ನೆಚ್ಚಿಕೊಂಡಿದ್ದವು. ಒಂದು ರಾಜ್ಯ ತನ್ನ ಮತಯಂತ್ರವನ್ನು ಹೀಗೆ ಚುನಾವಣೆಯ ಹೊಸ್ತಿಲಲ್ಲಿ ಕೈಬಿಡಬೇಕಾಗಿ ಬಂದರೆ ಅಲ್ಲಿ ಕಾನೂನೇ ಇರಲಿಲ್ಲವೇನೋ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ವರ್ಜೀನಿಯಾದಲ್ಲಿ ಕಾನೂನು ಇತ್ತು. ಇಂಥ ಯಂತ್ರಗಳನ್ನು ಇನ್ನು ಮುಂದೆ ಕೊಳ್ಳಬಾರದೆಂದೂ, ಮತದಾನ ನಡೆಯುವ ಹೊತ್ತಿನಲ್ಲಿ ಯಂತ್ರಗಳ ನಡುವೆ ನಿಸ್ತಂತು ಸಂಪರ್ಕ ಇರಕೂಡದೆಂದೂ ಅಲ್ಲಿನ ಶಾಸನಸಭೆ 2007ರಲ್ಲಿಯೇ ವಿಧಿಸಿತ್ತು. ಅಂಥ ಕಾನೂನು ಜಾರಿಯಲ್ಲಿದ್ದೂ ಎಂಟು ವರ್ಷ ಆ ಯಂತ್ರ ಮತಗಟ್ಟೆಯಲ್ಲಿ ಹೇಗೆ ಉಳಿಯಿತು ಎಂಬುದೇ ಈ ಪ್ರಕರಣದ ತಿರುಳು.

ಮೊದಲು ವ್ಯವಸ್ಥೆಯ ಬಗ್ಗೆ ಒಂದೆರಡು ಮಾತು ಅಗತ್ಯ. ನಮ್ಮಲ್ಲಿ ಲೋಕಸಭೆ, ವಿಧಾನಸಭೆ ಚುನಾವಣೆಗಳಿಗೆಲ್ಲ ಒಂದೇ ಚುನಾವಣಾ ಆಯೋಗವಿದೆ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಒಂದೇ ಮಾದರಿಯ ಯಂತ್ರವನ್ನು ದೇಶಕ್ಕೆಲ್ಲ ತಯಾರಿಸಿಕೊಡುತ್ತವೆ. ಅಮೆರಿಕದಲ್ಲಿ ಹಾಗಿಲ್ಲ. ವರ್ಜೀನಿಯಾ ಒಂದರಲ್ಲೇ 95 ಕೌಂಟಿಗಳೂ ಯಾವ ಕೌಂಟಿಗೂ ಸೇರದ 38 ಸ್ವತಂತ್ರ ನಗರಗಳೂ ಇದ್ದು, ಪ್ರತಿಯೊಂದಕ್ಕೂ ತನ್ನದೇ ಚುನಾವಣಾ ಮಂಡಳಿ ಇದೆ. ಯಾವ ಯಂತ್ರಗಳಿಗೆ ಮಾನ್ಯತೆ ಉಂಟು ಎಂದು ರಾಜ್ಯ ಮಂಡಳಿ ಪಟ್ಟಿ ಮಾಡುತ್ತದೆ. ಆ ಪಟ್ಟಿಯಿಂದ ತಮಗೆ ಬೇಕಾದದ್ದನ್ನು ಆರಿಸಿ, ತಮ್ಮ ದುಡ್ಡಿನಲ್ಲಿ ಕೊಂಡು, ತಮ್ಮ ಗೋದಾಮಿನಲ್ಲಿಟ್ಟು ಕಾಯುವವರು ಸ್ಥಳೀಯರು. ಹೀಗೆ ಕಾನೂನು ಮಾಡುವವರು, ಮಾನ್ಯತೆ ಕೊಡುವವರು ಮತ್ತು ದುಡ್ಡು ತೆರುವವರು ಮೂರು ಬೇರೆ ಬೇರೆ ಜನ. ಮುಂದೆ ನಡೆದದ್ದರಲ್ಲಿ ಬಹುಪಾಲು ಈ ಮೂವರ ನಡುವಿನ ಸಂದಿಯಲ್ಲೇ ನಡೆಯಿತು.

2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲಾರಿಡಾದ ತೂತು ಕೊರೆಯುವ ಕಾರ್ಡುಗಳು ಸೃಷ್ಟಿಸಿದ ಗೊಂದಲದ ಬಳಿಕ ಅಮೆರಿಕದ ಸಂಸತ್ತು 2002ರಲ್ಲಿ ಚುನಾವಣಾ ನೆರವು ಕಾಯ್ದೆಯನ್ನು ತಂದು, ಹಳೆಯ ಸನ್ನೆಕೋಲಿನ ಯಂತ್ರಗಳನ್ನೂ ತೂತುಕಾರ್ಡುಗಳನ್ನೂ ಬದಲಿಸಲು ರಾಜ್ಯಗಳಿಗೆ ಹಣ ಒದಗಿಸಿತು. ಹಣ ಬಂದ ವೇಗದಲ್ಲಿ ಭದ್ರತೆಯ ಮಾನದಂಡಗಳು ಬರಲಿಲ್ಲ. ಆಗ ಎಲ್ಲರ ಕಣ್ಣಿಗೂ ಆಧುನಿಕವಾಗಿ ಕಂಡದ್ದು ಟಚ್‌ಸ್ಕ್ರೀನ್. ಮತದಾರ ಪರದೆ ಮುಟ್ಟುತ್ತಾನೆ, ಮತ ನೇರವಾಗಿ ಯಂತ್ರದ ಸ್ಮೃತಿಯಲ್ಲಿ ದಾಖಲಾಗುತ್ತದೆ, ಸಂಜೆ ಒಟ್ಟು ಮೊತ್ತ ಒಂದು ಕಾಗದದ ಪಟ್ಟಿಯಲ್ಲಿ ಅಚ್ಚಾಗಿ ಹೊರಬರುತ್ತದೆ. ಒಬ್ಬೊಬ್ಬ ಮತದಾರ ಏನು ಹೇಳಿದ ಎಂಬುದಕ್ಕೆ ಯಂತ್ರದ ಹೊರಗೆ ಬೇರೆ ಯಾವ ಸಾಕ್ಷಿಯೂ ಇಲ್ಲ.

ವಿನ್‌ವೋಟ್ ಈ ಬಗೆಯದ್ದು, ಜೊತೆಗೆ ಇನ್ನೊಂದು ವಿಶೇಷವೂ ಅದಕ್ಕಿತ್ತು. ಟೆಕ್ಸಸ್‌ನ ಅಡ್ವಾನ್ಸ್ಡ್ ವೋಟಿಂಗ್ ಸೊಲ್ಯೂಷನ್ಸ್ ಎಂಬ ಕಂಪನಿ ಅದಕ್ಕೆ ವೈಫೈ ಜೋಡಿಸಿತ್ತು. ಬೆಳಿಗ್ಗೆ ಮತಗಟ್ಟೆಯ ಯಂತ್ರಗಳನ್ನೆಲ್ಲ ಒಟ್ಟಿಗೆ ತೆರೆಯುವುದು, ಸಂಜೆ ಮುಚ್ಚಿ ಒಂದೇ ಕಡೆ ಮೊತ್ತ ಕೂಡಿಸುವುದು ಇವೆಲ್ಲ ತಂತಿಯಿಲ್ಲದೆ ನಡೆಯುತ್ತಿದ್ದವು. ದಣಿದ ಮತಗಟ್ಟೆ ಸಿಬ್ಬಂದಿಗೆ ಅದು ದೊಡ್ಡ ಅನುಕೂಲವೇ ಆಗಿತ್ತೆಂಬುದನ್ನು ಮರೆಯಬಾರದು. ಇವತ್ತು ಕುಳಿತು ಆ ಯಂತ್ರವನ್ನು ಕೊಂಡವರನ್ನು ಹಳಿಯುವುದು ಸುಲಭ. ಆದರೆ ಅವರ ಮುಂದಿದ್ದ ಮಾನ್ಯತೆಯ ಪಟ್ಟಿಯಲ್ಲಿ ಅದಿತ್ತು, ಮಾರುವವರು ಅದರ ಗುಣಗಳನ್ನಷ್ಟೇ ಹೇಳಿದ್ದರು.

ಎಚ್ಚರಿಕೆಯ ಮೊದಲ ಗಂಟೆ ಬಾರಿಸಿದ್ದು ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ. ವಾಷಿಂಗ್ಟನ್ ನಗರದ ಸಮೀಪವಿರುವ, ಇಂದು ಸಾಕಷ್ಟು ಕನ್ನಡ ಕುಟುಂಬಗಳೂ ನೆಲೆಸಿರುವ ಈ ಕೌಂಟಿ 2003ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ವಿನ್‌ವೋಟ್ ಬಳಸಿತು. ಕೆಲವು ಯಂತ್ರಗಳು ಅಂದೇ ಕೆಟ್ಟವು. ಅವನ್ನು ಮತಗಟ್ಟೆಯಿಂದ ಹೊರಗೊಯ್ದು ದುರಸ್ತಿ ಮಾಡಿಸಿ ಮತ್ತೆ ತಂದಿಟ್ಟದ್ದು ನ್ಯಾಯಾಲಯದ ಮೆಟ್ಟಿಲೇರಿತು. ಫಲಿತಾಂಶ ಕಳಿಸುವ ವ್ಯವಸ್ಥೆ ಭಾರ ತಾಳದೆ ತಡವಾಯಿತು. ಎಲ್ಲಕ್ಕಿಂತ ಕಳವಳದ ಸಂಗತಿ ಶಾಲಾ ಮಂಡಳಿಯ ಸ್ಥಾನವೊಂದಕ್ಕೆ ಸಂಬಂಧಿಸಿದ್ದು. ಸೋತ ಅಭ್ಯರ್ಥಿಯ ಹೆಸರನ್ನು ಮುಟ್ಟಿದ ಗುರುತು ಕಾಣಿಸಿಕೊಂಡು ಕ್ಷಣದಲ್ಲಿ ಮಾಯವಾಗುತ್ತದೆಂದು ಕೆಲವು ಮತದಾರರು ದೂರಿದಾಗ ಅಧಿಕಾರಿಗಳು ಒಂದು ಯಂತ್ರವನ್ನು ಪರೀಕ್ಷಿಸಿದರು. ಸರಿಸುಮಾರು ನೂರು ಸಲಕ್ಕೊಮ್ಮೆ ಅದು ಆ ಅಭ್ಯರ್ಥಿಯ ಮತವನ್ನು ಕಳೆಯುವಂತೆ ಕಂಡುಬಂತು. ಆ ದೋಷ ಎಷ್ಟು ಯಂತ್ರಗಳಲ್ಲಿತ್ತು, ಫಲಿತಾಂಶವನ್ನು ಬದಲಿಸಿತೇ ಎಂದು ತಿಳಿಯಲು ಮತದಾರನ ಕೈಯ ಗುರುತುಳ್ಳ ಕಾಗದ ಬೇಕಿತ್ತು. ಅದು ಇರಲಿಲ್ಲ.

ಮೂರು ವರ್ಷದ ಬಳಿಕ ಇಡೀ ದೇಶವೇ ವರ್ಜೀನಿಯಾದತ್ತ ನೋಡುವ ಸಂದರ್ಭ ಬಂತು. 2006ರ ಸೆನೆಟ್ ಚುನಾವಣೆಯಲ್ಲಿ ಜಿಮ್ ವೆಬ್ ಅವರು ಜಾರ್ಜ್ ಅಲೆನ್ ಅವರನ್ನು ಸೋಲಿಸಿದ್ದು 23 ಲಕ್ಷಕ್ಕೂ ಹೆಚ್ಚು ಮತಗಳಲ್ಲಿ ಒಂಬತ್ತು ಸಾವಿರ ಚಿಲ್ಲರೆ ಅಂತರದಿಂದ; ಅಮೆರಿಕದ ಸೆನೆಟ್‌ನ ಬಹುಮತ ಯಾರ ಕೈಗೆ ಎಂಬುದು ಆ ಒಂದು ಸ್ಥಾನದ ಮೇಲೆ ನಿಂತಿತ್ತು. ಮರುಎಣಿಕೆ ಕೇಳುವ ಹಕ್ಕು ಅಲೆನ್ ಅವರಿಗಿತ್ತು, ಅವರು ಕೇಳಲಿಲ್ಲ. ಕೇಳಿದ್ದರೂ ಟಚ್‌ಸ್ಕ್ರೀನ್ ಇದ್ದ ಕಡೆಗಳಲ್ಲಿ ಆಗುತ್ತಿದ್ದುದೇನು? ಅದೇ ಸ್ಮೃತಿಯಿಂದ ಅಚ್ಚಾದ ಅದೇ ಮೊತ್ತವನ್ನು ಇನ್ನೊಮ್ಮೆ ಓದುವುದು. ಅದೇ ಚುನಾವಣೆಯಲ್ಲಿ ಅಲೆಕ್ಸಾಂಡ್ರಿಯಾ, ಫಾಲ್ಸ್ ಚರ್ಚ್ ಮತ್ತು ಷಾರ್ಲಟ್ಸ್‌ವಿಲ್ ನಗರಗಳ ಯಂತ್ರಗಳಲ್ಲಿ (ಅವು ಬೇರೊಂದು ಕಂಪನಿಯವು) ಕೊನೆಯ ಪರಿಶೀಲನೆಯ ಪುಟದಲ್ಲಿ ಅಕ್ಷರಗಳು ಹಿಡಿಯದೆ ವೆಬ್ ಅವರ ಮನೆತನದ ಹೆಸರೇ ಕತ್ತರಿಸಿಹೋಗಿ ಬರಿಯ ‘ಜೇಮ್ಸ್ ಎಚ್. ಜಿಮ್’ ಎಂದು ಕಾಣಿಸುತ್ತಿತ್ತು. ಮತಕ್ಕೆ ಅದರಿಂದ ಧಕ್ಕೆಯಾಗಲಿಲ್ಲ, ಆದರೆ ಪರದೆಯ ಮೇಲಿನ ನಂಬಿಕೆಗೆ ಆಯಿತು.

ಈ ಹಿನ್ನೆಲೆಯಲ್ಲಿ 2007ರಲ್ಲಿ ಶಾಸನಸಭೆ ಕೈಗೊಂಡ ಕ್ರಮಗಳು ಆ ಕಾಲಕ್ಕೆ ದಿಟ್ಟವೇ. ಜುಲೈ 1ರಿಂದಾಚೆ ಯಾವ ಕೌಂಟಿಯಾಗಲಿ ನಗರವಾಗಲಿ ನೇರ ದಾಖಲಾತಿಯ, ಅಂದರೆ ಮತವನ್ನು ಸ್ಮೃತಿಯಲ್ಲೇ ದಾಖಲಿಸುವ ಬಗೆಯ, ಹೊಸ ಯಂತ್ರಗಳನ್ನು ಪಡೆಯಬಾರದು ಎಂಬುದು ಒಂದು. ಮತದಾನದ ದಿನ, ಮತಗಟ್ಟೆ ತೆರೆದಿರುವ ವೇಳೆಯಲ್ಲಿ, ಒಂದು ಯಂತ್ರಕ್ಕೂ ಇನ್ನೊಂದಕ್ಕೂ ಆಗಲಿ, ಯಂತ್ರಕ್ಕೂ ಹೊರಗಿನ ಉಪಕರಣಕ್ಕೂ ಆಗಲಿ ನಿಸ್ತಂತು ಸಂವಹನ ಇರಬಾರದು ಎಂಬುದು ಇನ್ನೊಂದು. ಇವಲ್ಲದೆ ಪ್ರತಿ ಸ್ಥಳೀಯ ಮಂಡಳಿಯೂ ತನ್ನ ಮತದಾನ ಮತ್ತು ಎಣಿಕೆಯ ಉಪಕರಣಗಳ ಭದ್ರತೆಗೆ ಲಿಖಿತ ಯೋಜನೆಯೊಂದನ್ನು ಸಿದ್ಧಪಡಿಸಿ ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂಬ ನಿಯಮವೂ ವರ್ಜೀನಿಯಾ ಸಂಹಿತೆಯಲ್ಲಿದೆ. ಕಾಗದದ ಮೇಲೆ ಓದಿದರೆ ವಿನ್‌ವೋಟ್‌ಗೆ ಇಲ್ಲಿ ಉಳಿಗಾಲವೇ ಇಲ್ಲ ಅನ್ನಿಸುತ್ತದೆ.

ಆದರೆ ಕೊಳ್ಳುವುದನ್ನು ನಿಷೇಧಿಸಿದ ಅದೇ ಕಾನೂನು ಈಗಾಗಲೇ ಕೊಂಡಿದ್ದ ಯಂತ್ರಗಳನ್ನು ಅವುಗಳ ಉಪಯುಕ್ತ ಆಯುಷ್ಯ ಇರುವವರೆಗೆ ಬಳಸಬಹುದೆಂದಿತು. ಉಪಯುಕ್ತ ಆಯುಷ್ಯವೆಂದರೆ ಎಷ್ಟು ವರ್ಷ, ಅದು ಮುಗಿಯಿತೆಂದು ತೀರ್ಮಾನಿಸಬೇಕಾದವರು ಯಾರು, ಯಂತ್ರ ಮಾಡಿದ ಕಂಪನಿಯೇ ಇಲ್ಲವಾದರೆ ಏನು ಗತಿ ಎಂಬುದಕ್ಕೆ ಅಲ್ಲಿ ಉತ್ತರವಿರಲಿಲ್ಲ. ಬೇಗ ಬೇರೆ ವ್ಯವಸ್ಥೆಗೆ ಹೋಗುವಂತೆ ಸ್ಥಳೀಯರನ್ನು ಉತ್ತೇಜಿಸಲಾಗಿತ್ತು, ದುಡ್ಡು ಕೊಟ್ಟಿರಲಿಲ್ಲ. ಇದರ ಪರಿಣಾಮ ಊಹಿಸಬಹುದಾದದ್ದೇ. ಕೈಯಲ್ಲಿ ಹಣವಿದ್ದ ಆಡಳಿತಗಳು ಕಾಗದದ ಮತಪತ್ರವನ್ನು ಓದುವ ಸ್ಕ್ಯಾನರ್‌ಗೆ ಒಂದೊಂದಾಗಿ ಬದಲಾದವು. ಹಣವಿಲ್ಲದವು, ಯಂತ್ರ ಇನ್ನೂ ಚಾಲೂ ಆಗುತ್ತಿದೆಯಲ್ಲ ಎಂದು ಹಳೆಯದನ್ನೇ ತಿಕ್ಕಿ ತೊಳೆದು ಬಳಸಿದವು. ನನ್ನ ದೃಷ್ಟಿಯಲ್ಲಿ ಈ ಕಾನೂನಿನ ಮುಖ್ಯ ದೋಷ ಇದೇ: ಹೊಸದನ್ನು ತಡೆದು ಹಳೆಯದಕ್ಕೆ ಅಂತ್ಯ ಹೇಳದೆ ಬಿಟ್ಟದ್ದರಿಂದ, ಯಾವ ಯಂತ್ರ ಅತ್ಯಂತ ದುರ್ಬಲವೋ ಅದು ಅತ್ಯಂತ ಬಡ ಕೌಂಟಿಯಲ್ಲಿ ಅತಿ ಹೆಚ್ಚು ಕಾಲ ಉಳಿಯುವಂತಾಯಿತು. ಅತ್ತ ವಿನ್‌ವೋಟ್‌ನ ತಯಾರಕ ಕಂಪನಿ ಆ ಕಾನೂನು ಬಂದ ಆಸುಪಾಸಿನಲ್ಲೇ ಬಾಗಿಲು ಹಾಕಿತ್ತು. ತಂತ್ರಾಂಶದ ತಿದ್ದುಪಡಿ ಕಳಿಸುವವರೇ ಇಲ್ಲದ ಕಂಪ್ಯೂಟರ್‌ನಲ್ಲಿ ಜನ ಗವರ್ನರನ್ನೂ ಅಧ್ಯಕ್ಷನನ್ನೂ ಆರಿಸುತ್ತಲೇ ಇದ್ದರು.

ವಿಷಯ ಹೊರಬಿದ್ದದ್ದು ಕಾನೂನಿನ ದೆಸೆಯಿಂದಲ್ಲ, ಒಂದು ಮತಗಟ್ಟೆಯ ಕಿರಿಕಿರಿಯಿಂದ. 2014ರ ನವೆಂಬರ್ ಚುನಾವಣೆಯಲ್ಲಿ ವರ್ಜೀನಿಯಾ ಬೀಚ್ ಮತ್ತು ನ್ಯೂಪೋರ್ಟ್ ನ್ಯೂಸ್ ನಗರಗಳ ಕೆಲವು ಟಚ್‌ಸ್ಕ್ರೀನ್‌ಗಳು, ಅವೂ ಬೇರೆ ತಯಾರಿಕೆಯವು, ಒಂದು ಹೆಸರನ್ನು ಮುಟ್ಟಿದರೆ ಇನ್ನೊಂದಕ್ಕೆ ಗುರುತು ಹಾಕುತ್ತಿದ್ದವು. ಸ್ಪಾಟ್‌ಸಿಲ್ವೇನಿಯಾ ಕೌಂಟಿಯ ಒಂದು ಮತಗಟ್ಟೆಯಲ್ಲಿ ವಿನ್‌ವೋಟ್ ಯಂತ್ರಗಳು ದಿನವಿಡೀ ಪದೇ ಪದೇ ನಿಂತುಹೋಗುತ್ತಿದ್ದವು. ಯಾರೋ ತಮ್ಮ ಮೊಬೈಲ್‌ನಲ್ಲಿ ಹಾಡು ಇಳಿಸಿಕೊಳ್ಳಲು ಹೋದಾಗಲೇ ಯಂತ್ರಗಳು ಕೈಕೊಡುತ್ತಿವೆ ಎಂಬ ಅನುಮಾನ ಅಲ್ಲಿನ ಸಿಬ್ಬಂದಿಗೆ ಬಂತು. ಈ ಅನುಮಾನವನ್ನು ನಕ್ಕು ಬದಿಗಿಡದೆ ವರದಿ ಮಾಡಿದ್ದು ದೊಡ್ಡ ಕೆಲಸ. ಮತದಾನದ ವೇಳೆ ನಿಸ್ತಂತು ಸಂವಹನ ಇರಕೂಡದೆಂದು ಕಾನೂನು ಹೇಳಿ ಏಳು ವರ್ಷವಾಗಿದ್ದರೂ, ಪಕ್ಕದಲ್ಲಿ ನಿಂತವನ ಫೋನಿನಿಂದ ತೊಂದರೆಗೊಳಗಾಗುವಷ್ಟು ಯಂತ್ರದ ಕಿವಿ ತೆರೆದೇ ಇತ್ತೆಂಬ ಸಂಶಯ ಮೊದಲು ದಾಖಲಾದದ್ದು ಇಲ್ಲಿ. ರಾಜ್ಯದ ಚುನಾವಣಾ ಇಲಾಖೆ ರಾಜ್ಯ ಸರ್ಕಾರದ್ದೇ ಆದ ಮಾಹಿತಿ ತಂತ್ರಜ್ಞಾನ ಸಂಸ್ಥೆಗೆ ಯಂತ್ರಗಳನ್ನು ಒಪ್ಪಿಸಿ ಪರೀಕ್ಷಿಸಲು ಹೇಳಿತು.

ಆ ಪರೀಕ್ಷೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತಜ್ಞರು ಬಳಸಿದ್ದು ಯಾರಿಗಾದರೂ ಸಿಗುವ ಸಾಮಾನ್ಯ ಸಲಕರಣೆಗಳನ್ನೇ. ಯಂತ್ರದ ವೈಫೈಗೆ ಇದ್ದ ಗೂಢಲಿಪಿ ಡಬ್ಲ್ಯುಇಪಿ ಎಂಬ ಹಳೆಯ ವಿಧಾನದ್ದು; ಅದನ್ನು ಮುರಿಯಬಹುದೆಂದು ಸಂಶೋಧಕರು 2001ರಷ್ಟು ಹಿಂದೆಯೇ ತೋರಿಸಿದ್ದರು. ಗಾಳಿಯಲ್ಲಿ ಹರಿಯುತ್ತಿದ್ದ ಸಂಕೇತಗಳನ್ನು ಹಿಡಿದು ಬಿಡಿಸಿದಾಗ ಸಿಕ್ಕ ವೈಫೈ ಪಾಸ್‌ವರ್ಡ್ ‘ಎ ಬಿ ಸಿ ಡಿ ಇ’. ಬಾಲವಾಡಿಯ ಗೋಡೆಯ ಮೇಲಿರುವ ಮೊದಲ ಐದು ಅಕ್ಷರಗಳು! ಒಳಹೊಕ್ಕ ಮೇಲೆ ಕಂಡದ್ದು ವಿಂಡೋಸ್ ಎಕ್ಸ್‌ಪಿಯ ಒಂದು ಆವೃತ್ತಿ. 2004ರ ಬಳಿಕ ಅದಕ್ಕೆ ಒಂದೇ ಒಂದು ಭದ್ರತಾ ತಿದ್ದುಪಡಿ ಸೇರಿರಲಿಲ್ಲ. ಅದರ ಮೇಲ್ವಿಚಾರಕನ ಪಾಸ್‌ವರ್ಡ್ ‘ಅಡ್ಮಿನ್’. ಮತಗಳು ಕೂಡಿದ್ದದ್ದು ಕಚೇರಿಗಳಲ್ಲಿ ಬಳಸುವ ಮೈಕ್ರೋಸಾಫ್ಟ್ ಆಕ್ಸೆಸ್ ಕಡತದಲ್ಲಿ, ಅದರ ಕೀಲಿಪದ ‘ಶೂಪ್’. ಇದು ಆ ಕಂಪನಿಯ ಪೂರ್ವಜ, ಸನ್ನೆಕೋಲಿನ ಮತಯಂತ್ರ ಮಾಡುತ್ತಿದ್ದ ಹಳೆಯ ಸಂಸ್ಥೆಯ ಹೆಸರು. ತಜ್ಞರು ಒಂದು ಅಣಕು ಚುನಾವಣೆ ನಡೆಸಿ, ಆ ಕಡತವನ್ನು ವೈಫೈ ಮೂಲಕವೇ ತಮ್ಮ ಕಂಪ್ಯೂಟರ್‌ಗೆ ಎಳೆದುಕೊಂಡು, ಅಂಕಿಗಳನ್ನು ತಿದ್ದಿ, ಮರಳಿ ಇಟ್ಟರು. ಯಂತ್ರ ತಿದ್ದಿದ ಮೊತ್ತವನ್ನೇ ಒಪ್ಪಿಸಿತು.

ಇದಕ್ಕಿಂತ ಕಾನೂನಿನ ವಿದ್ಯಾರ್ಥಿಗೆ ಮುಖ್ಯವಾದ ಸಂಗತಿಯೊಂದು ಆ ವರದಿಯಲ್ಲಿದೆ. ಯಂತ್ರದ ಪರದೆಯಲ್ಲಿ ನಿಸ್ತಂತು ಸೌಲಭ್ಯವನ್ನು ಸ್ಥಗಿತಗೊಳಿಸುವ ಆಯ್ಕೆ ಇತ್ತು. ಸಿಬ್ಬಂದಿ ಅದನ್ನು ಒತ್ತಿ, ಕಾನೂನು ಪಾಲಿಸಿದೆವೆಂದು ನೆಮ್ಮದಿಯಿಂದ ಇರಬಹುದಿತ್ತು. ಆದರೆ ಆ ಗುಂಡಿ ಮತದಾನದ ತಂತ್ರಾಂಶಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಒಳಗಿದ್ದ ವೈಫೈ ಕಾರ್ಡು ಹೊರಗಿನ ಸಂಕೇತಗಳನ್ನು ಆಗಲೂ ಸ್ವೀಕರಿಸುತ್ತಲೇ ಇತ್ತು. ಶಾಸನಸಭೆ ‘ಸಂವಹನ’ವನ್ನು ನಿಷೇಧಿಸಿತ್ತು, ಸಂವಹನ ಮಾಡಬಲ್ಲ ಬಿಡಿಭಾಗವನ್ನು ನಿಷೇಧಿಸಿರಲಿಲ್ಲ. ಮತಗಟ್ಟೆ ತೆರೆದಿರುವ ವೇಳೆಯೆಂದು ಕಟ್ಟಿದ ಗಡುವೂ ಅಷ್ಟೇ ಸಡಿಲ. ಬಾಗಿಲು ತೆರೆಯುವ ಮುನ್ನದ ಅರ್ಧ ಗಂಟೆ, ಮುಚ್ಚಿದ ನಂತರ ಮೊತ್ತ ಕೂಡುವ ಹೊತ್ತು, ಇವೇ ತಿದ್ದುವವನಿಗೆ ಬೇಕಾದ ಸಮಯ. ಯಂತ್ರದ ಅನುಕೂಲಕ್ಕೆ ತಕ್ಕಂತೆ ಕಾನೂನಿನ ಮಾತು ಬಾಗಿದಂತಿದೆ.

ಇಂಥ ದಾಳಿ ನಿಜವಾಗಿ ನಡೆದಿತ್ತೇ? ನಡೆದಿತ್ತೆಂಬುದಕ್ಕೆ ಯಾವ ಪುರಾವೆಯೂ ಸಿಕ್ಕಿಲ್ಲ. ನಡೆದಿಲ್ಲವೆಂದು ತೋರಿಸುವ ದಾರಿಯನ್ನೂ ಆ ಯಂತ್ರ ಉಳಿಸಿರಲಿಲ್ಲ. ವರದಿ ಮಂಡಳಿಯ ಮುಂದೆ ಬಂದ ದಿನವೇ ಮಾನ್ಯತೆ ರದ್ದಾಯಿತು.

ಮಾನ್ಯತೆ ಕೊಟ್ಟವರಿಗೆ ಅದನ್ನು ಹಿಂತೆಗೆಯುವ ಅಧಿಕಾರವೂ ಇತ್ತೆಂಬುದರಿಂದ ಇದು ಒಂದೇ ಸಭೆಯಲ್ಲಿ ಸಾಧ್ಯವಾಯಿತು. ಭಾಷಣ, ಚರ್ಚೆ, ಮಸೂದೆಗಳ ನಡುವೆ ಯಾರ ಗಮನಕ್ಕೂ ಬಾರದ ಈ ಆಡಳಿತಾತ್ಮಕ ಅಧಿಕಾರವೇ ಕೊನೆಗೆ ಕೆಲಸ ಮಾಡಿದ್ದು. ಹಣದ ಪ್ರಶ್ನೆ ಮಾತ್ರ ಇದ್ದಲ್ಲೇ ಇತ್ತು. 2014ರ ಡಿಸೆಂಬರ್‌ನಲ್ಲಿ ಗವರ್ನರ್ ಟೆರ್ರಿ ಮೆಕಾಲಿಫ್ ಅವರು ರಾಜ್ಯದೆಲ್ಲೆಡೆ ಕಾಗದಾಧಾರಿತ ಹೊಸ ಉಪಕರಣ ಒದಗಿಸಲು 2.8 ಕೋಟಿ ಡಾಲರ್ ಬೇಕೆಂದು ಪ್ರಸ್ತಾಪಿಸಿದ್ದರು, ಶಾಸನಸಭೆ ಒಪ್ಪಿರಲಿಲ್ಲ. ಹೀಗಾಗಿ ಏಪ್ರಿಲ್ ಆದೇಶದ ಭಾರವೆಲ್ಲ ಸ್ಥಳೀಯರ ಹೆಗಲಿಗೆ ಬಿತ್ತು. ಹೊಸ ಯಂತ್ರ ಕೊಳ್ಳಬೇಕು ಇಲ್ಲವೇ ಬಾಡಿಗೆಗೆ ತರಬೇಕು, ಸಿಬ್ಬಂದಿಗೆ ತರಬೇತಿ ಕೊಡಬೇಕು, ಮತಪತ್ರ ಅಚ್ಚು ಹಾಕಿಸಬೇಕು, ಎಲ್ಲವೂ ಎಂಟು ವಾರದಲ್ಲಿ. ರಾಜ್ಯ ಪಟ್ಟಿಯಲ್ಲಿದ್ದುದನ್ನೇ ನಂಬಿ ಕೊಂಡವರಿಗೆ ಇದು ಅನ್ಯಾಯವಲ್ಲವೇ ಎಂಬ ಅಸಮಾಧಾನಕ್ಕೆ ಆಧಾರವಿದೆ.

ಅಲ್ಲಿಗೆ ಹೋದದ್ದು ವಿನ್‌ವೋಟ್ ಒಂದೇ. ಕಾಗದವಿಲ್ಲದ ಇತರ ತಯಾರಿಕೆಯ ಟಚ್‌ಸ್ಕ್ರೀನ್‌ಗಳು ಉಳಿದೇ ಇದ್ದವು. ಅಷ್ಟರಲ್ಲಿ ಶಾಸನಸಭೆಯೂ ಹಿಂದಿನ ತಪ್ಪನ್ನು ತಿದ್ದಿಕೊಂಡು, 2020ರ ಜುಲೈ 1ರ ನಂತರ ಅಂಥ ಯಾವ ಯಂತ್ರವನ್ನೂ ಬಳಸಕೂಡದೆಂದು ದಿನಾಂಕ ಗೊತ್ತುಪಡಿಸಿತ್ತು. ಆದರೆ ಆ ದಿನಕ್ಕೆ ಕಾಯಲಾಗಲಿಲ್ಲ. 2017ರ ಜುಲೈ ಕೊನೆಯಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಡೆಫ್ ಕಾನ್ ಎಂಬ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಮತಯಂತ್ರಗಳನ್ನು ಮೇಜಿನ ಮೇಲಿಟ್ಟು, ಬಂದವರೆಲ್ಲ ಬಿಚ್ಚಿ ನೋಡಲು ಬಿಡಲಾಯಿತು. ಅಲ್ಲಿದ್ದವುಗಳಲ್ಲಿ ವರ್ಜೀನಿಯಾ ತ್ಯಜಿಸಿದ್ದ ವಿನ್‌ವೋಟ್ ಮಾದರಿಯೂ ಒಂದು. ಬಳಕೆಯಲ್ಲಿದ್ದ ಬೇರೊಂದು ಯಂತ್ರದ ಪಾಸ್‌ವರ್ಡ್ ಕೂಡ ಅಲ್ಲಿ ಬಹಿರಂಗವಾಯಿತು. ಚುನಾವಣಾ ಆಯುಕ್ತ ಎಡ್ಗಾರ್ಡೊ ಕೋರ್ಟೆಸ್ ಅವರು ಉಳಿದ ಮಾದರಿಗಳನ್ನೂ ಅದೇ ತಂತ್ರಜ್ಞಾನ ಸಂಸ್ಥೆಯಿಂದ ತರಾತುರಿಯಲ್ಲಿ ಪರೀಕ್ಷಿಸಿ ಮಂಡಳಿಗೆ ಶಿಫಾರಸು ಮಾಡಿದರು. ಸೆಪ್ಟೆಂಬರ್ 8ರಂದು ಎಲ್ಲ ನೇರ ದಾಖಲಾತಿ ಯಂತ್ರಗಳ ಮಾನ್ಯತೆ ರದ್ದಾಯಿತು. ಗವರ್ನರ್ ಚುನಾವಣೆ ನವೆಂಬರ್ 7ಕ್ಕೆ. ಗೈರುಹಾಜರಿ ಮತದಾನವಂತೂ ಎರಡು ವಾರದಲ್ಲೇ ಆರಂಭವಾಗಲಿತ್ತು. ತೊಂದರೆಗೊಳಗಾದ 22 ಆಡಳಿತಗಳು ಈ ಸಲವೂ ಓಡಾಡಿ, ಹೇಗೋ ಸಿದ್ಧವಾದವು. ಪರದೆಯ ಯಂತ್ರಗಳು ದೃಷ್ಟಿದೋಷವುಳ್ಳವರಿಗೂ ಕೈ ಆಡದವರಿಗೂ ಸ್ವತಂತ್ರವಾಗಿ ಮತ ಹಾಕಲು ನೆರವಾಗುತ್ತಿದ್ದವಾದ್ದರಿಂದ, ಅವರ ಆಯ್ಕೆಯನ್ನು ಮತಪತ್ರದ ಮೇಲೆ ಮುದ್ರಿಸಿಕೊಡುವ ಉಪಕರಣಗಳನ್ನೂ ಒದಗಿಸಬೇಕಾಯಿತು.

ಆ ನವೆಂಬರ್‌ನಲ್ಲೇ ಕಾಗದಕ್ಕೆ ಪರೀಕ್ಷೆ ಎದುರಾಯಿತು. ರಾಜ್ಯ ಶಾಸನಸಭೆಯ ಕೆಳಮನೆಯಾದ ಪ್ರತಿನಿಧಿಗಳ ಸಭೆಯ 94ನೇ ಕ್ಷೇತ್ರ, ಅಂದರೆ ಮೂರು ವರ್ಷದ ಹಿಂದೆ ಪರದೆಯ ಗುರುತು ತಪ್ಪುತ್ತಿದ್ದ ಅದೇ ನ್ಯೂಪೋರ್ಟ್ ನ್ಯೂಸ್‌ನಲ್ಲಿ, ಹಾಲಿ ಸದಸ್ಯ ಡೇವಿಡ್ ಯಾನ್ಸಿ ಅವರು ಶೆಲ್ಲಿ ಸೈಮಂಡ್ಸ್ ಅವರಿಗಿಂತ 10 ಮತ ಮುಂದಿದ್ದರು. ಡಿಸೆಂಬರ್ 19ರ ಮರುಎಣಿಕೆಯಲ್ಲಿ ಸೈಮಂಡ್ಸ್ 11,608, ಯಾನ್ಸಿ 11,607. ಮಾರನೆಯ ದಿನ ಮೂವರು ನ್ಯಾಯಾಧೀಶರ ಮುಂದೆ ಒಂದೇ ಒಂದು ಮತಪತ್ರ ಬಂತು. ಅದರಲ್ಲಿ ಇಬ್ಬರ ಹೆಸರಿನ ಮುಂದೆಯೂ ಅಂಡಾಕಾರದ ಗುರುತು ತುಂಬಿತ್ತು. ಸೈಮಂಡ್ಸ್ ಹೆಸರಿನ ಗುರುತಿನ ಮೇಲೆ ಮಾತ್ರ ಅಡ್ಡವಾಗಿ ಒಂದು ಗೀಟು ಇತ್ತು. ಮತದಾರ ತಪ್ಪಿ ತುಂಬಿದ್ದನ್ನು ಹೊಡೆದುಹಾಕಿದ್ದಾನೆಂದು ಭಾವಿಸಿ ನ್ಯಾಯಾಧೀಶರು ಅದನ್ನು ಯಾನ್ಸಿಗೆ ಎಣಿಸಿದರು, ಇಬ್ಬರೂ ಸಮ. 2018ರ ಜನವರಿ 4ರಂದು ಎರಡು ಹೆಸರುಗಳನ್ನು ಹಳೆಯ ಫಿಲ್ಮ್ ಡಬ್ಬಿಗಳಲ್ಲಿಟ್ಟು ಪಿಂಗಾಣಿ ಬೋಗುಣಿಯಲ್ಲಿ ಹಾಕಿ ಮಂಡಳಿಯ ಅಧ್ಯಕ್ಷ ಜೇಮ್ಸ್ ಆಲ್ಕಾರ್ನ್ ಒಂದನ್ನು ಎತ್ತಿದರು. ಯಾನ್ಸಿ ಗೆದ್ದರು, ಸಭೆಯಲ್ಲಿ ರಿಪಬ್ಲಿಕನ್ ಪಕ್ಷದ ಬಹುಮತ 51–49ರಂತೆ ಉಳಿಯಿತು. ಆ ಗೀಟನ್ನು ನ್ಯಾಯಾಧೀಶರು ಸರಿಯಾಗಿ ಓದಿದರೋ ಇಲ್ಲವೋ ಎಂಬ ವಾದ ನಿಲ್ಲಲಿಲ್ಲ. ಆದರೆ ವಾದಿಸಲು ಒಂದು ಹಾಳೆ ಮೇಜಿನ ಮೇಲಿತ್ತು, ಇಬ್ಬರ ವಕೀಲರೂ ಅದನ್ನು ಕಣ್ಣಾರೆ ನೋಡಿದ್ದರು. ಫೇರ್‌ಫ್ಯಾಕ್ಸ್‌ನ ಶಾಲಾ ಮಂಡಳಿಯ ಅಭ್ಯರ್ಥಿಗೆ 2003ರಲ್ಲಿ ಇಷ್ಟೂ ದಕ್ಕಿರಲಿಲ್ಲ.

ಕಾಗದ ಇದ್ದ ಮಾತ್ರಕ್ಕೆ ಅದನ್ನು ಯಾರಾದರೂ ನೋಡುತ್ತಾರೆಂದೇನಿಲ್ಲ. ಅದಕ್ಕೇ ಶಾಸನಸಭೆ 2017ರಲ್ಲಿ, ಚುನಾವಣೆಯ ನಂತರ ಮತಪತ್ರಗಳ ಮಾದರಿಯನ್ನು ಚೀಟಿ ಎತ್ತಿದಂತೆ ಆರಿಸಿ, ಕೈಯಿಂದ ಪರಿಶೀಲಿಸಿ, ಸ್ಕ್ಯಾನರ್‌ನ ಫಲಿತಾಂಶ ತಪ್ಪಿರುವ ಸಂಭವವನ್ನು ನಿಗದಿತ ಮಿತಿಯೊಳಗೆ ಕಟ್ಟಿಹಾಕುವ ಲೆಕ್ಕಪರಿಶೋಧನೆಯನ್ನು ಕಾನೂನಿಗೆ ಸೇರಿಸಿತು. 2018ರ ಜುಲೈನಿಂದ ಅದು ಜಾರಿಗೆ ಬಂತು. ಅಂತರ ಕಡಿಮೆಯಿದ್ದಷ್ಟೂ ಹೆಚ್ಚು ಹಾಳೆ ತೆಗೆದು ನೋಡಬೇಕೆಂಬುದು ಇದರ ಸೂತ್ರ. 2020ರ ನವೆಂಬರ್ ಚುನಾವಣೆಯನ್ನು ಇಡೀ ರಾಜ್ಯದಲ್ಲಿ ಹೀಗೆ ಪರಿಶೋಧಿಸಿ, ಎಣಿಕೆ ಸರಿಯಾಗಿದೆಯೆಂಬ ಫಲಿತಾಂಶವನ್ನು 2021ರ ಮಾರ್ಚ್‌ನಲ್ಲಿ ಪ್ರಕಟಿಸಲಾಯಿತು. ಶಾಸನಸಭೆ ಟಚ್‌ಸ್ಕ್ರೀನ್‌ಗಳಿಗೆ ಕೊಟ್ಟಿದ್ದ ಕೊನೆಯ ಗಡುವು, 2020ರ ಜುಲೈ 1, ಅದಕ್ಕೂ ಎಂಟು ತಿಂಗಳ ಹಿಂದೆ ಸದ್ದಿಲ್ಲದೆ ಬಂದು ಹೋಗಿತ್ತು. ಅಂದು ನಿಲ್ಲಿಸಬೇಕಾದ ಯಂತ್ರ ಯಾವ ಕೌಂಟಿಯಲ್ಲೂ ಉಳಿದಿರಲಿಲ್ಲ.